ಕೊನೆಯ ಕ್ರಿಯಾಪದ

ಕೊನೆಯ ಸಾಲಿಗೆ ಬಂದಾಗ ಪ್ರಲ್ಹಾದರ ಪೆನ್ನು ನಿಂತುಬಿಟ್ಟಿತು. ಎದುರಿಗೆ ಕೂತಿದ್ದ ನೀಲಿಮಾಗೆ ಯಾಕೆಂದು ತಿಳಿಯಲಿಲ್ಲ. ಅವಳ ಮಗಳು ಸ್ನೇಹಲ್ ತನ್ನ ಚಿತ್ರಗಳಿಗೆ ಬರೆದಿಟ್ಟಿದ್ದ ಮರಾಠಿ ಸಾಲುಗಳೆಲ್ಲ ಬೆಳಗಿನಿಂದ ಸರಾಗವಾಗಿ ಸಂಸ್ಕೃತಕ್ಕೆ ಇಳಿದಿದ್ದವು. ಅವು ಸಂಸ್ಕೃತ ನಾಟಕಗಳ ಚಿತ್ರಗಳು. ಪ್ರದರ್ಶನದಲ್ಲಿ ಅಡಿಬರಹವೂ ಸಂಸ್ಕೃತದಲ್ಲೇ ಇರಬೇಕೆಂಬುದು ಸ್ನೇಹಲಳ ಹಟವಾಗಿತ್ತು. ಸಂಸ್ಕೃತದಿಂದ ಮರಾಠಿಗೆ ತರುವವರು ಪುಣೆಯ ಪೇಠೆ ಪೇಠೆಗೂ ಇದ್ದರು. ಮರಾಠಿಯಿಂದ ಸಂಸ್ಕೃತಕ್ಕೆ ಒಯ್ಯಬಲ್ಲವರನ್ನು ಹುಡುಕಲು ನೀಲಿಮಾಗೆ ಒಂದು ವರ್ಷ ಹಿಡಿಯಿತು. ಕಡೆಗೆ ಸಿಕ್ಕವರು ಅವಳಂತೆ ಧಾರವಾಡದ ಕಡೆಯವರೇ ಆದ ಈ ಮೇಷ್ಟ್ರು.

“ಬಾಯಾರ, ಹುಡುಗಿ ತನ್ನ ಪರಿಚಯದಾಗ ‘ಪುಣೆಯಲ್ಲಿ ವಾಸಿಸುತ್ತಾಳೆ’ ಅಂತ ಬರದಾಳ,” ಎಂದು ಪ್ರಲ್ಹಾದರು ತಗ್ಗಿದ ದನಿಯಲ್ಲಿ ಹೇಳಿದರು. “ಅದನ್ನ ಹಂಗ ಇಟ್ರ ಸಂಸ್ಕೃತದಾಗ ‘ವಸತಿ’ ಅಂತ ಆಗ್ತದ. ವಾಸಿಸುತ್ತಿದ್ದಳು ಅನ್ನೂದಾದ್ರ ಮುಂದ ಒಂದು ‘ಅ’ ಹಚ್ಚಿ ‘ಅವಸತ್’ ಅಂತ ಬರೀಬೇಕು. ನೀವು ಹೇಳಿದಂಗ ಬರೀತೀನ್ರಿ.”

ಕಾತ್ರಜ ಘಾಟಿನಲ್ಲಿ ಬಸ್ಸು ಉರುಳಿ ಸ್ನೇಹಲ್ ತೀರಿಕೊಂಡದ್ದು ತೊಂಬತ್ತೇಳರ ಮಳೆಗಾಲದಲ್ಲಿ. ಅಂದಿನಿಂದ ನೀಲಿಮಾ ಮಗಳ ಬಗ್ಗೆ ಒಮ್ಮೆಯೂ ‘ಇದ್ದಳು’ ಎಂದವಳಲ್ಲ. ಅನುವಾದಕರ ಮನೆಯ ಬಾಗಿಲು ತಟ್ಟಿದಾಗಲೆಲ್ಲ, “ನಮ್ಮ ಹುಡುಗಿ ಭಾಳ ಛಲೋ ಚಿತ್ರ ತಗೀತಾಳ್ರಿ,” ಎಂದೇ ಮಾತು ಶುರು ಮಾಡುತ್ತಿದ್ದಳು. ಪ್ರಲ್ಹಾದರಿಗೂ ಹಾಗೆಯೇ ಹೇಳಿದ್ದಳು. ಅಪಘಾತದ ಸಂಗತಿ ಗೊತ್ತಿದ್ದರೂ ಅವರು ತಿದ್ದಿರಲಿಲ್ಲ. ಈಗಲೂ ಅವಸರ ಮಾಡದೆ ಪೆನ್ನು ಹಿಡಿದು ಕಾಯುತ್ತಿದ್ದರು.

“ಹಚ್ರಿ ಸರ, ಆ ‘ಅ’,” ಎಂದಳು ನೀಲಿಮಾ.

ಅವರು ಬರೆದರು. ಶಾಯಿ ಆರುವತನಕ ಅವಳು ಆ ಅಕ್ಷರವನ್ನೇ ನೋಡುತ್ತಿದ್ದಳು.

“ಇಪ್ಪತ್ಮೂರು ವರ್ಷ ಇದ್ದಳ್ರಿ,” ಎಂದಳು.