ವೆಕ್ಸ್‌ಬಿಯ ಒಡೆಯರು

ಹಳೆಯ ದಾಖಲೆಗಳ ಕಚೇರಿಯ ಹಾಜರಿ ಪುಸ್ತಕದಲ್ಲಿ ನಟಾಲಿ ಬೇಕೆಂದೇ "ನಟಾಲಿ ಪಾಟ್ಸ್" ಎಂದು ಬರೆದಳು. ಕ್ರೇಗ್ ಪಾಟ್ಸ್ ಜೊತೆ ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಪಕ್ಕದಲ್ಲಿದ್ದ ಅವಳ ಅಪ್ಪ ಡೆಸ್ಮಂಡ್ ವೆಕ್ಸ್‌ಬಿ ಮುಖ ಗಂಟಿಕ್ಕಿದ. ಮಂಜಾದ ಕಣ್ಣಿಗೂ ಅದೊಂದು ಮಾತ್ರ ಚೆನ್ನಾಗಿ ಕಂಡಿತ್ತು.

ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಈಗ ಕಾರೂ ಓಡಿಸುವಂತಿಲ್ಲ. ಶನಿವಾರ ಬಂದರೆ ಮಗಳೇ ಕರೆತರಬೇಕು, ಹಳೆಯ ಕೈಬರಹವನ್ನೂ ಅವಳೇ ಓದಿ ಹೇಳಬೇಕು. ಹನ್ನೊಂದು ವರ್ಷದಿಂದ ಅವನದು ಒಂದೇ ರಾಗ. ಲಿಂಕನ್‌ಷೈರ್‌ನಲ್ಲಿ ವೆಕ್ಸ್‌ಬಿ ಎಂಬ ಊರಿದೆ, ಮನೆತನದ ಹೆಸರೂ ವೆಕ್ಸ್‌ಬಿ, ಅಂದ ಮೇಲೆ ತನ್ನ ಹಿರಿಯರು ಆ ಊರಿನ ಒಡೆಯರೇ ಆಗಿರಬೇಕು. ಸ್ಕೆಗ್ನೆಸ್ ಕಡಲತೀರದ ಅಂಗಡಿಯಲ್ಲಿ ಸಿಕ್ಕ ಎರಡು ಸಿಂಹಗಳ ಲಾಂಛನವನ್ನು ತಮ್ಮ ಮನೆತನದ್ದೆಂದು ಆಗಲೇ ಮೆಟ್ಟಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಆದರೆ ವಂಶದ ಜಾಡು ಹಿಂದಕ್ಕೆ ಹೋಗಿ ಸ್ಯಾಮುಯೆಲ್ ಎಂಬ ಗಾಡಿ ಹೊಡೆಯುವವನ ಹತ್ತಿರ ನಿಂತುಬಿಟ್ಟಿತ್ತು. ಅವನ ತಾಯಿ ಹ್ಯಾನಾ. ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಶಾಯಿ ಅಳಿಸಿಹೋಗಿರಬೇಕು ಎಂದು ಡೆಸ್ಮಂಡ್ ನಂಬಿದ್ದ.

ಅವನಿಗೆ ಗಂಡುಮಕ್ಕಳಿಲ್ಲ. ನಟಾಲಿ ಗಂಡನ ಹೆಸರು ಹಿಡಿದರೆ ವೆಕ್ಸ್‌ಬಿ ಅಲ್ಲಿಗೆ ಮುಗಿಯಿತು. ಈ ಗೋಳು ತಾಳಲಾರದೆ ಅವಳು, ಹೆಸರು ಎಲ್ಲಿಂದ ಬಂತೆಂದು ಮೊದಲು ತೋರಿಸು, ಉಳಿಸಿಕೊಳ್ಳುವ ಮಾತು ಆಮೇಲೆ ಎಂದಿದ್ದಳು. ಈ ಶನಿವಾರವೇ ಕೊನೆ ಎಂದು ಇವತ್ತು ಕಾರಿನಲ್ಲೇ ಹೇಳಿಯೂ ಆಗಿತ್ತು.

ಕಚೇರಿಯ ಮಿಸೆಸ್ ಆಗ್ಡನ್, ವೆಕ್ಸ್‌ಬಿ ಊರಿನ ಚರ್ಚಿನ ನಾಮಕರಣ ದಾಖಲೆಯ ದಪ್ಪ ಪುಸ್ತಕವನ್ನು ದಿಂಬಿನ ಮೇಲೆ ಮಲಗಿಸಿ ಹೋದಳು. ಅಲ್ಲಿ ಪೆನ್ನು ಮುಟ್ಟುವಂತಿಲ್ಲ; ಏನಿದ್ದರೂ ಪೆನ್ಸಿಲ್. ಆಕಳಿಸುತ್ತ ಹಾಳೆ ತಿರುವುತ್ತಿದ್ದ ನಟಾಲಿ 1771ನೇ ಇಸವಿಗೆ ಬಂದು ನಿಂತಳು.

"ಏನಿದೆ? ಸರ್ ಅಂತ ಇದೆಯಾ?"

"ಹೆಣ್ಣು ಮಗು, ಅಪ್ಪ. ಚರ್ಚಿನ ಬಾಗಿಲಲ್ಲಿ ಬಿಟ್ಟು ಹೋಗಿದ್ರಂತೆ. ಹ್ಯಾನಾ ಅಂತ ಹೆಸರಿಟ್ಟಿದ್ದಾರೆ. ಹೆತ್ತವರು ಯಾರು ಅಂತ ಗೊತ್ತಿಲ್ದೆ ಊರಿನ ಹೆಸರನ್ನೇ ಹಿಂದೆ ಸೇರಿಸಿದ್ದಾರೆ."

ಡೆಸ್ಮಂಡ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಆಮೇಲೆ, "ಪಾಟ್ಸ್ ಅನ್ನೋದೇನೂ ಕೆಟ್ಟ ಹೆಸರಲ್ಲ ಬಿಡು. ನಡಿ, ಮನೆಗೆ ಹೋಗೋಣ" ಎಂದ.

ನಟಾಲಿಗೆ ರೇಗಿಹೋಯಿತು. ಹನ್ನೊಂದು ವರ್ಷ ಮನೆಮಂದಿಯ ತಲೆ ತಿಂದವನು, ಕೊನೆಗೂ ಒಬ್ಬಳು ಸಿಕ್ಕಾಗ ಎದ್ದು ಹೊರಟಿದ್ದ.

"ಸುಮ್ನೆ ಕೂತ್ಕೋ. ಅವಳ ಹೆಸರು ಮಗನಿಗೆ ಹ್ಯಾಗೆ ಬಂತು ಅಂತ ನೋಡೋದು ಬೇಡ್ವಾ?"

ಇದು ಕಿವಿಗೆ ಬಿದ್ದ ಮಿಸೆಸ್ ಆಗ್ಡನ್ ಒಂದು ತೆಳ್ಳನೆಯ ಕಟ್ಟು ತಂದಿಟ್ಟಳು. ಮದುವೆಯಾಗದೆ ಹೆತ್ತವಳನ್ನು ಆಗ ಚರ್ಚಿನ ಹಿರಿಯರು ಕರೆಸಿ ತಂದೆಯ ಹೆಸರು ಹೇಳಿಸುತ್ತಿದ್ದರು. ಇಲ್ಲದಿದ್ದರೆ ಮಗುವನ್ನು ಸಾಕುವ ಹೊರೆ ಊರ ಮೇಲೆ ಬೀಳುತ್ತಿತ್ತು. 1792ರಲ್ಲಿ ಹಾಲು ಕರೆಯುವ ಕೆಲಸದ ಹ್ಯಾನಾಳ ಸರದಿ. ಬರೆದವನು ಸಿಟ್ಟಿಗೆ ಕಾಗದವೇ ಹರಿಯುವಂತೆ ಒತ್ತಿ ಬರೆದಿದ್ದ. ನಟಾಲಿ ನಿಧಾನವಾಗಿ ಓದಿದಳು.

"ಮೂರು ಸಲ ಕೇಳಿದೆವು, ತಂದೆ ಯಾರೆಂದು ಬಾಯಿ ಬಿಡಲಿಲ್ಲ. ಹಾಗಾದರೆ ಮಗು ಯಾರ ಹೆಸರಿನಲ್ಲಿ ಬೆಳೆಯಬೇಕು ಎಂದಾಗ, ನನ್ನ ಹೆಸರಿನಲ್ಲಿ, ಅದನ್ನು ಕೊಟ್ಟವರು ನೀವೇ ಅಲ್ಲವೇ ಎಂದಳು."

ಡೆಸ್ಮಂಡ್ ಕೈ ಚಾಚಿ ಆ ಹಾಳೆಯ ಅಂಚನ್ನು ಮುಟ್ಟಿದ. ಮುಟ್ಟಬಾರದೆಂದು ಮಿಸೆಸ್ ಆಗ್ಡನ್ ಈ ಸಲ ಹೇಳಲಿಲ್ಲ.

ನಟಾಲಿ ಎದ್ದು ಹೋಗಿ ಅವಳ ಹತ್ತಿರ ರಬ್ಬರ್ ಕೇಳಿದಳು. ಹಾಜರಿ ಪುಸ್ತಕದಲ್ಲಿ ಪಾಟ್ಸ್ ಅಳಿಸಿ, ವೆಕ್ಸ್‌ಬಿ ಎಂದು ಒತ್ತಿ ಬರೆದಳು.

"ಅಪ್ಪ, ಮನೆಗೆ ಹೋದ ತಕ್ಷಣ ಗೋಡೆ ಮೇಲಿನ ಆ ಸಿಂಹಗಳನ್ನ ಇಳಿಸು."