ಫೆಲ್ಟಿನ ಮನೆ

ನೀಲವ್ವ ಜೈಲಿಗೆ ಬಂದಾಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಈಗ ಅವಳಿಗೆ ಆರು ತುಂಬುತ್ತಿತ್ತು. ಆರು ತುಂಬಿದ ಮೇಲೆ ಮಕ್ಕಳನ್ನು ಒಳಗೆ ಇಟ್ಟುಕೊಳ್ಳುವಂತಿಲ್ಲ. ಸೋಮವಾರ ನೀಲವ್ವನ ತಂಗಿ ಬಂದು ಕರೆದೊಯ್ಯುವವಳಿದ್ದಳು.

ಮನೆಯನ್ನೇ ಕಾಣದ ಮಗು ಹೊರಗೆ ಹೇಗೆ ಬಾಳೀತು ಎಂಬ ಚಿಂತೆ ತಾಯಿಯನ್ನು ಹಗಲೆಲ್ಲ ಕಾಡುತ್ತಿತ್ತು. ಹೊಲಿಗೆ ಕೋಣೆಯಲ್ಲಿ ಉಳಿದ ಫೆಲ್ಟ್ ಬಟ್ಟೆಯ ಚೂರುಗಳನ್ನು ಕೇಳಿ ತಂದು, ಮಕ್ಕಳು ಸದ್ದಿಲ್ಲದೆ ಕೂತು ಆಡುವಂಥ ಬಟ್ಟೆಯ ಪುಸ್ತಕವೊಂದನ್ನು ಹೊಲಿದಳು. ಒಂದು ಪುಟದಲ್ಲಿ ಲಾಡಿ ಕಟ್ಟುವ ಬೂಟು, ಇನ್ನೊಂದರಲ್ಲಿ ಗಿಡದಿಂದ ಕೀಳಬಹುದಾದ ಮಾವಿನಹಣ್ಣು. ಕೊನೆಯ ಪುಟದಲ್ಲಿ ಮನೆ. ಅದರೊಳಗಿಡಲು ಅವ್ವ, ಮಗಳು, ಚಿಕ್ಕಮ್ಮನ ಗೊಂಬೆಗಳನ್ನು ಮಾಡಿದಳು. ಅಪ್ಪನ ಗೊಂಬೆಗೆಂದು ಕಂದು ಬಟ್ಟೆ ಎತ್ತಿಕೊಂಡಳು. ಕತ್ತರಿ ಆಡಿಸಲು ಕೈ ಏಳಲಿಲ್ಲ. ಅವನ ಕೊಲೆಗೇ ಅವಳಿಗೆ ಶಿಕ್ಷೆಯಾಗಿತ್ತು.

"ಯವ್ವಾ, ಇದೇನು?"

"ಮನಿ, ನನ್ನವ್ವ. ಇದು ಬಾಗಲಾ. ಈ ಗುಂಡಿ ಬಿಚ್ಚಿದ್ರ ತೆರೀತೈತಿ. ಯಾರನ್ನೂ ಕೇಳೂದು ಬ್ಯಾಡ, ನೀನ ತೆರೀಬೌದು."

"ನಾನ?"

"ಹೂಂ, ನೀನ."

ಮಗಳು ಪುಟ್ಟ ಬೆರಳುಗಳಿಂದ ಗುಂಡಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ನೀಲವ್ವನ ಎದೆಯ ಭಾರ ತುಸು ಇಳಿಯಿತು.

"ಶಾಣ್ಯಾಕಿ! ಈಗ ಮನಿ ಆಟ ಆಡು, ನೋಡೂಣು."

ಮಗಳು ಮೂರೂ ಗೊಂಬೆಗಳನ್ನು ಸಾಲಾಗಿ ಒಳಗೆ ನಿಲ್ಲಿಸಿದಳು. ಬಾಗಿಲು ಮುಚ್ಚಿ, ಹೊರಗಿನಿಂದ ಗುಂಡಿ ಹಾಕಿ, ಭದ್ರವಾಗಿದೆಯೇ ಎಂದು ಎಳೆದು ನೋಡಿದಳು. ಆಮೇಲೆ ನೆಟ್ಟಗೆ ಎದ್ದು ನಿಂತು, ದೂರದಲ್ಲಿರುವ ಯಾರಿಗೋ ಕೇಳುವಂತೆ ಕೂಗಿದಳು:

"ಮೂರು ಮಂದಿ. ಲೆಕ್ಕ ಬರೋಬರಿ ಐತ್ರಿ, ಮೇಡಂ."