ಎಡಗೈ ಮರೆಸಿದವಳು

ಗಂಡನ ಇನ್ನೊಬ್ಬಳನ್ನು ಹುಡುಕಿಕೊಂಡು ದ್ರಾಕ್ಷಾಯಣಮ್ಮ ಹರಿಹರದಲ್ಲಿ ಬಸ್ಸಿಳಿದಳು.

ಹೊತ್ತು ಇನ್ನೂ ಹನ್ನೊಂದು. ಮೊಣಕಾಲು ಆಗಲೇ ಸೋತಿತ್ತು. ಚೀಲದಲ್ಲಿ ಹಳೆಯ ಮಹಿಳಾ ಮಾಸಪತ್ರಿಕೆಯ ಮೂರು ಸಂಚಿಕೆಗಳು. ಮೂರರಲ್ಲೂ 'ಈ ತಿಂಗಳ ರವಿಕೆ' ಎಂಬ ಪುಟ. ಮೂರರಲ್ಲೂ ಅದೇ ಹೆಣ್ಣು. ಚಿತ್ರದ ಕೆಳಗೆ ಗಂಡ ಕೊಟ್ಟೂರಪ್ಪನ ಪುಟ್ಟ ಸಹಿ.

ಕೊಟ್ಟೂರಪ್ಪ ದಾವಣಗೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. ಹದಿನೆಂಟು ವರ್ಷ ಆ ಪುಟಕ್ಕೆ ಚಿತ್ರ ಬರೆದ. ತಿಂಗಳಿಗೊಂದು ಭಾನುವಾರ ನಿಟ್ಟುವಳ್ಳಿಯ ಮನೆಯಿಂದ ಹೊರಟು ಹರಿಹರದ ಕುತುಬುದ್ದೀನ್ ಟೈಲರ್ ಅಂಗಡಿಗೆ ಹೋಗುತ್ತಿದ್ದ. ಹೊಲಿಯದ ರವಿಕೆಯನ್ನು ಬರೆಯಬಾರದೆಂಬುದು ಅವನ ಹಟ. ಮೊದಲು ಹೊಲಿಸಬೇಕು, ಮೈಮೇಲೆ ಹೇಗೆ ಕೂರುತ್ತದೆಂದು ನೋಡಬೇಕು, ಆಮೇಲೆ ಪೆನ್ಸಿಲ್ಲು. ಯಾರ ಮೈಮೇಲೆ ಎಂದು ದ್ರಾಕ್ಷಾಯಣಮ್ಮ ಕೇಳಿರಲಿಲ್ಲ.

ಮದುವೆಯಾದ ವರ್ಷ ಒಮ್ಮೆ ಅವಳನ್ನೇ ಕೇಳಿದ್ದುಂಟು. "ಒಂದ್ ಗಳಿಗೆ ನಿಂತ್ಕೊಳ್ಳೆ, ಬರ್ಕೊಂತೀನಿ."

"ಊರ ಮಂದಿ ನೋಡೋ ಪುಸ್ತಕದಾಗೆ ಹೆಂಡ್ತೀನ ನಿಲ್ಲಿಸ್ತೀರೇನ್ರಿ? ಮಾನ ಮರ್ಯಾದೆ ಐತೋ ಇಲ್ಲೋ?"

ಅವನು ಮತ್ತೆ ಕೇಳಲಿಲ್ಲ. ಮುಂದಿನ ತಿಂಗಳೇ ಪತ್ರಿಕೆಯಲ್ಲಿ ಇವಳು ಬಂದಳು.

ಅಗಲ ಭುಜದವಳು. ಪುಟ ತಿರುವಿದವರನ್ನೇ ನೆಟ್ಟ ಕಣ್ಣಿಂದ ದಿಟ್ಟಿಸುವವಳು. ಬಲಗೈಯಲ್ಲಿ ಒಮ್ಮೆ ಕೊಡೆ, ಒಮ್ಮೆ ಬೀಸಣಿಗೆ, ಒಮ್ಮೆ ಸೇವಂತಿಗೆ. ಎಡಗೈ ಮಾತ್ರ ಯಾವತ್ತೂ ಸೆರಗಿನ ಮರೆಯಲ್ಲಿ. ಕೈ ಊನ ಇರಬೇಕು ಎಂದುಕೊಂಡಿದ್ದಳು ದ್ರಾಕ್ಷಾಯಣಮ್ಮ. ಅಂಥವಳ ಗುಂಗಿನಲ್ಲಿ ಇವನಿಗೆ ಕಣ್ಣೂ ಕಾಣುತ್ತಿರಲಿಲ್ಲ. ಹುಕ್ಕಿನ ಪಟ್ಟಿಯನ್ನು ಸದಾ ಎಡಬಲ ಅದಲುಬದಲಾಗಿ ಬರೆಯುತ್ತಿದ್ದ. ಚಿತ್ರ ನೋಡಿ ಹಾಗೇ ಹೊಲಿದು ಅತ್ತೆಯ ಮುಂದೆ ನಗೆಪಾಟಲಾದೆ ಎಂದು ಮಲೆಬೆನ್ನೂರಿನವಳೊಬ್ಬಳು ಪತ್ರಿಕೆಗೆ ಕಾಗದವನ್ನೇ ಹಾಕಿದ್ದಳು.

ಇಷ್ಟಾದರೂ ನಲವತ್ತು ವರ್ಷ ದ್ರಾಕ್ಷಾಯಣಮ್ಮ ಬಾಯಿ ಬಿಡಲಿಲ್ಲ. ಈಗ ಅವನು ತೀರಿಕೊಂಡು ಮೂರು ತಿಂಗಳು. ಫೋಟೊಗೆ ಕಟ್ಟು ಹಾಕಿಸಿ ತಂದ ಮಗ ಬಸವಪ್ರಭು ಮೊಳೆ ಹೊಡೆಯಲು ನಿಂತಾಗ "ತಡಿ" ಅಂದಿದ್ದಳು. ಇನ್ನುಳಿದ ದಿನಗಳಲ್ಲಿ ಬೆಳಿಗ್ಗೆ ಎದ್ದು ಆ ಮುಖ ನೋಡಬೇಕೋ ಬೇಡವೋ, ಇವತ್ತು ತೀರ್ಮಾನವಾಗಬೇಕಿತ್ತು.

ಅಂಗಡಿಯಲ್ಲಿ ಈಗ ಟೈಲರನ ಸೊಸೆ ಸನೋಬರ್ ಮಷೀನು ತುಳಿಯುತ್ತಿದ್ದಳು. ಮುದುಕ ಕುತುಬುದ್ದೀನ್ ಗೋಡೆಗೊರಗಿ ಗುಂಡಿಗಳನ್ನು ಬಣ್ಣದ ಪ್ರಕಾರ ಆರಿಸುತ್ತಿದ್ದ.

"ಮಾವಾರಿಗೆ ಕಿವಿ ಮಂದ ಅಮ್ಮಾ," ಎಂದಳು ಸನೋಬರ್. "ಜೋರಾಗಿ ಹೇಳ್ರಿ. ಇಲ್ಲಾಂದ್ರೆ ಸುಮ್ನೆ ಅಳತೆ ಕೇಳ್ತಾರೆ."

ದ್ರಾಕ್ಷಾಯಣಮ್ಮ ಚೀಲದಿಂದ ಪತ್ರಿಕೆ ತೆಗೆದು ಚಿತ್ರದ ಪುಟವನ್ನು ಮುದುಕನ ಮುಂದಿಟ್ಟಳು. ನಲವತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೂಗಿ ಹೇಳಬೇಕಾಯಿತು.

"ಕೊಟ್ಟೂರಪ್ಪ ಮೇಷ್ಟ್ರ ಮನೆಯಾಕಿ ನಾನು. ಈ ಹೆಂಗಸು ಯಾರ್ರಿ, ಸಾಬ್ರೆ?"

ಮಷೀನು ನಿಂತಿತು. ಮುದುಕ ಚಿತ್ರ ನೋಡಿದ. ಅವಳನ್ನು ನೋಡಿದ.

"ಮೇಷ್ಟ್ರು ಹೆಂಗದಾರೆ?"

"ಹೋದ್ರು. ಮೂರು ತಿಂಗ್ಳಾತು."

ಅವನು ಗುಂಡಿಗಳ ಡಬ್ಬಿಗೆ ಮುಚ್ಚಳ ಹಾಕಿದ. "ಹೇಳಬ್ಯಾಡ ಅಂದಿದ್ರು."

"ನಂಗೂನಾ?"

"ನಿಮಗೇ ಹೇಳಬ್ಯಾಡ ಅಂದಿದ್ರು, ಅಕ್ಕಾರೆ. ಕೂಡ್ರಿ."

ಕೂತಳು. ಮುದುಕ ಎದ್ದು ಹೋಗಿ ಟ್ರಂಕಿನ ತಳದಿಂದ ಒಂದು ಹಸಿರು ರವಿಕೆ ತಂದು ಅವಳ ಮಡಿಲಿಗಿಟ್ಟ. ಅದೇ ಕಡೆಯದಂತೆ. ಅದರ ಚಿತ್ರ ಅಚ್ಚಾಗುವ ಮೊದಲೇ ಪತ್ರಿಕೆ ನಿಂತುಹೋಗಿತ್ತು.

ದ್ರಾಕ್ಷಾಯಣಮ್ಮ ಅದನ್ನು ಎದೆಗೆ ಹಿಡಿದು ನೋಡಿಕೊಂಡಳು. ಭುಜ ಎರಡೂ ಕಡೆ ಮೂರು ಮೂರು ಬೆರಳು ಆಚೆ ಚಾಚಿತು. ಹುಕ್ಕುಗಳು ಮಾತ್ರ ಸರಿಯಾದ ಕಡೆಗೇ ಇದ್ದವು. ಇಷ್ಟು ವರ್ಷ ಮನಸ್ಸಿನಲ್ಲೇ ಜಗಳವಾಡಿದವಳ ಬಟ್ಟೆ ಕೈಯಲ್ಲಿದೆ. ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ಸುಸ್ತು ಮಾತ್ರ ಬಂತು.

"ಎಲ್ಲಿ ಬರೀತಿದ್ರು?"

"ಒಳಗಿನ ಕೋಣೆ. ಚಿಲಕ ಹಾಕ್ಕೊಂಡು."

"ಇಬ್ರೇನಾ?"

ಅವನಿಗೆ ಕೇಳಿಸಲಿಲ್ಲ. ಸನೋಬರ್ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ದ್ರಾಕ್ಷಾಯಣಮ್ಮ ಇನ್ನೊಮ್ಮೆ, ಬೀದಿಗೆ ಕೇಳುವಂತೆ ಕೂಗಿದಳು. "ಒಳಗೆ ಇಬ್ರೇ ಇರ್ತಿದ್ರಾ?"

"ಇಬ್ರು ಎಲ್ಲಿ ಬಂತು, ಅಕ್ಕಾರೆ? ನೀವು ಒಲ್ಲೆ ಅಂದ್ರಿ. ಬ್ಯಾರೆ ಹೆಂಗಸರನ್ನ ಕೂರಿಸ್ಕೊಂಡು ನೋಡಿದ್ರೆ ನಿಮಗೆ ಮೋಸ ಮಾಡಿದಂಗೆ ಅಂತ ಮೇಷ್ಟ್ರು ತಾವೇ ತೊಟ್ಕೊಂಡು, ಕನ್ನಡಿ ಮುಂದೆ ಕೂತು ಬರೀತಿದ್ರು."